ಸರ್ವೆ ಮಂಜೇಶನ ಎಡಗಾಲು

ಮಾವಿನಕಟ್ಟೆಕೊಪ್ಪಲಿನ ಮಂಜೇಶ ಲೈಸೆನ್ಸ್ ಪಡೆದ ಭೂಮಾಪಕ. ಹೊಳೆನರಸೀಪುರದ ಕಡೆ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಸರ್ವೆ ಎಂದರೆ ಸಾಕು. ಹದಿನಾರು ವರ್ಷದಿಂದ ಅವನ ಕೆಲಸ ಒಂದೇ, ಬೇರೆಯವರ ಜಮೀನು ಅಳೆಯುವುದು. ಅಣ್ಣತಮ್ಮಂದಿರ ನಡುವಿನ ಬಾಂದು ಕಲ್ಲು ಒಂದು ಗೇಣು ಆಚೆ ಸರಿದಿದ್ದರೂ ಅವನ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಅಳತೆ ಮುಗಿಸಿ, ಎರಡೂ ಕಡೆಯವರನ್ನು ಕೂರಿಸಿ, ನಕ್ಷೆಯ ಮೇಲೆ ಬೆರಳಿಟ್ಟು, “ನೋಡಿ, ಇಷ್ಟು ಒತ್ತುವರಿ ಆಗಿದೆ” ಎಂದು ಅವನು ಹೇಳಿದರೆ ಜಗಳ ಆಡುತ್ತಿದ್ದವರೂ ತಲೆ ಆಡಿಸುತ್ತಿದ್ದರು. ಯಾರ ಮನೆಯ ಕಾಫಿಯೂ ಅವನ ಟೇಪನ್ನು ಒಂದಿಂಚು ಎಳೆದಿರಲಿಲ್ಲ.

ಐದು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೆದರಿಸಿದಾಗ ಮಂಜೇಶ ಒಂದು ಗೇರ್ ಸೈಕಲ್ ತಂದ. ಮೊದಲು ಊರಿನಿಂದ ಹೊಳೆನರಸೀಪುರಕ್ಕೆ, ಆಮೇಲೆ ಹೇಮಾವತಿ ದಾಟಿ ಇನ್ನೂ ಮುಂದಕ್ಕೆ. ಸಕ್ಕರೆ ಇಳಿಯಿತು, ಸೈಕಲ್ಲಿನ ಹುಚ್ಚು ಏರಿತು. ಕೊನೆಗೆ ಒಂದು ಆಸೆ ತಲೆಯಲ್ಲಿ ಕೂತುಬಿಟ್ಟಿತು. ಹೊಳೆನರಸೀಪುರದಿಂದ ಅರಕಲಗೂಡು, ಅಲ್ಲಿಂದ ಗೊರೂರಿನ ಮೇಲೆ ಹಾಸನ, ಹಾಸನದಿಂದ ಚನ್ನರಾಯಪಟ್ಟಣ, ಮತ್ತೆ ವಾಪಸ್ ಊರು. ಹತ್ತಿರ ಹತ್ತಿರ ನೂರ ನಲವತ್ತು ಕಿಲೋಮೀಟರ್. ನಾಲ್ಕೂ ತಾಲ್ಲೂಕಿನಲ್ಲಿ ಅವನು ಕಾಲಿಟ್ಟು ಅಳೆಯದ ಹೋಬಳಿ ಇರಲಿಲ್ಲ. ಅಷ್ಟು ಜನರ ಎಲ್ಲೆ ಗುರುತು ಮಾಡಿದವನಿಗೆ, ತನ್ನದೇ ಎನ್ನುವ ಒಂದು ಸುತ್ತಳತೆ ಬೇಕು ಅನ್ನಿಸಿತ್ತು. ಅದೂ ಒಂದೇ ಹಗಲಲ್ಲಿ.

ನಾಲ್ಕು ಸಲ ಹೊರಟ. ನಾಲ್ಕು ಸಲವೂ ಹಾಸನ ಮುಟ್ಟುವ ಹೊತ್ತಿಗೆ ಎಡಗಡೆ ಸೊಂಟದಲ್ಲಿ ಗುದ್ದಲಿ ಇಟ್ಟಂತೆ ನೋವು. ಆಮೇಲೆ ಎಡ ಪಾದ ಮರಗಟ್ಟಿ, ಪೆಡಲಿನ ಮೇಲೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆಗ ಚನ್ನರಾಯಪಟ್ಟಣದಿಂದ ದೇವರಾಜ್ ಪಿಕಪ್ ತೆಗೆದುಕೊಂಡು ಬರಬೇಕು. ದೇವರಾಜ್ ಕೊಬ್ಬರಿ ವ್ಯಾಪಾರಿ. ಹಿಂದೆ ಅವನ ತೋಟದ ಎಲ್ಲೆ ಅಳೆದು ಹದ್ದುಬಸ್ತು ಮಾಡಿಕೊಟ್ಟಾಗಿನಿಂದ ಮಂಜೇಶನ ಗೆಳೆಯ.

ನಾಲ್ಕನೇ ಸಲ ಸೈಕಲ್ಲನ್ನು ಕೊಬ್ಬರಿ ಮೂಟೆಗಳ ಮೇಲೆ ಮಲಗಿಸುತ್ತಾ ದೇವರಾಜ್ ಹೇಳಿದ: “ಏನಯ್ಯಾ ಸರ್ವೆ, ಕೊಬ್ರಿ ಸಾಗ್ಸಿದ್ದಕ್ಕಿಂತ ನಿನ್ನ ಸಾಗ್ಸಿದ್ದೇ ಜಾಸ್ತಿ ಆಯ್ತು ಕಣಯ್ಯ. ಗಾಡಿ ಮ್ಯಾಲೆ ಆಂಬುಲೆನ್ಸ್ ಅಂತ ಬರ್ಸ್‌ಬುಡ್ಲಾ?”

ಮಂಜೇಶ ನಗಲಿಲ್ಲ. “ಇನ್ನೊಂದೇ ಸಲ ಗೌಡ. ಈ ಸೈಕಲ್ ಸರಿ ಇಲ್ಲ. ದೂರ ಹೋಗೋಕೇ ಅಂತ ಮಾಡಿರೋ ಸೈಕಲ್ ಬತ್ತವೆ. ಅದರಲ್ಲೂ ಆಗ್ನಿಲ್ಲ ಅಂದ್ರೆ ಸೈಕಲ್ ಸಾವಾಸನೇ ಬ್ಯಾಡ. ಮನೆ ಹಿಂದೆ ನೇತಾಕ್ತೀನಿ.”

ಆ ದಿನ ಪಿಕಪ್ಪಿನಿಂದ ಇಳಿದು ಅವನು ಕುಂಟುತ್ತಾ ಅಂಗಳಕ್ಕೆ ಬಂದಾಗ ಅಪ್ಪ ಬೀರಲಿಂಗಯ್ಯ ಜಗುಲಿಯ ಮೇಲಿದ್ದವರು ಎದ್ದು ಒಳಗೆ ಹೋದರು. ಮಗನ ಸೈಕಲ್ ಹುಚ್ಚು ಅವರಿಗೆ ಹಿಡಿಸಿಲ್ಲ ಎಂದು ಮಂಜೇಶ ಅಂದುಕೊಂಡ.

ಬೀರಲಿಂಗಯ್ಯನವರಿಗೆ ಎಪ್ಪತ್ತಾರು. ಮೂರು ತಲೆಮಾರಿನಿಂದ ಮುರಿದ ಮೂಳೆ ಕಟ್ಟುವ ಮನೆತನ. ಭಾನುವಾರ ಮತ್ತು ಗುರುವಾರ ಅಂಗಳದ ತುಂಬ ಜನ. ಕೈ ಮುರಿದವರು, ಕಾಲು ಉಳುಕಿದವರು, ಕರು ಎತ್ತಿಕೊಂಡು ಬಂದವರೂ ಇರುತ್ತಿದ್ದರು. ಬಿದಿರಿನ ದಬ್ಬೆ, ಮೊಟ್ಟೆಯ ಲೋಳೆ, ಸೊಪ್ಪಿನ ಅರಪು, ಹಳೆಯ ಪಂಚೆಯ ಪಟ್ಟಿ. ಕಟ್ಟಿದ್ದಕ್ಕೆ ಎಲೆ ಅಡಿಕೆ ಬಿಟ್ಟು ಬೇರೇನೂ ಅವರು ಮುಟ್ಟುತ್ತಿರಲಿಲ್ಲ. ಒಮ್ಮೆ ಬಿಗಿದ ಕಟ್ಟನ್ನು ದಿನ ತುಂಬುವವರೆಗೆ ಸಡಿಲ ಮಾಡಿದ ಉದಾಹರಣೆಯೇ ಇಲ್ಲ. ಮಗು ಅಳುತ್ತದೆ ಎಂದು ಬಂದ ತಾಯಂದಿರನ್ನು ಅಂಗಳದಿಂದ ಗದರಿ ಅಟ್ಟುತ್ತಿದ್ದರು. ಕೈ ದೇವರದು, ಎದೆ ಕಲ್ಲು ಎಂದು ಜನ ಆಡಿಕೊಳ್ಳುತ್ತಿದ್ದುದು ಮನೆಯವರ ಕಿವಿಗೂ ಬೀಳುತ್ತಿತ್ತು.

*

ಎರಡು ತಿಂಗಳು ಮಂಜೇಶ ಕೂತು ಓದಿದ. ಎಂಡ್ಯೂರೆನ್ಸ್ ರೋಡ್ ಬೈಕ್ ಎನ್ನುವ ಜಾತಿಯ ಹದಿನಾಲ್ಕು ಸೈಕಲ್ಲುಗಳ ವಿವರವನ್ನು ಸರ್ವೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಹೊಡೆದು ಬರೆದ. ಯಾವುದರ ಫ್ರೇಮ್ ಎಷ್ಟು ಉದ್ದ, ಹ್ಯಾಂಡಲ್ ಎಷ್ಟು ಎತ್ತರ, ಟಯರ್ ಎಷ್ಟು ದಪ್ಪ, ಬ್ರೇಕ್ ಯಾವ ತರಹದ್ದು. ಒಂದು ಶನಿವಾರ ದೇವರಾಜನನ್ನೂ ಕರೆದುಕೊಂಡು ಹಾಸನದ ಒಂದು ಸೈಕಲ್ ಅಂಗಡಿಗೆ ಹೋದ.

ಅಂಗಡಿ ನೋಡಿಕೊಳ್ಳುವ ಸುದರ್ಶನ್ ಮೂವತ್ತರ ಹುಡುಗ. ಸ್ವತಃ ದೂರ ದೂರ ಸೈಕಲ್ ಹೊಡೆಯುವವನು. ಅವನ ಹಿಂದಿನ ಗೋಡೆಯಲ್ಲಿ ನೇತುಹಾಕಿದ್ದ ಸೈಕಲ್ಲುಗಳ ಬೆಲೆಯ ಚೀಟಿ ನೋಡಿ ದೇವರಾಜನ ಕಣ್ಣು ಮೇಲಕ್ಕೆ ಹೋಯಿತು.

“ಇದೇನಯ್ಯಾ ಇದು! ಎರಡು ಸೀಮೆಹಸ ಬತ್ತವಲ್ಲೋ ಇದಕ್ಕೆ. ಅವು ಹಾಲಾದ್ರೂ ಕೊಡ್ತವೆ.”

“ಹಸು ಮೇಲೆ ಕೂತ್ಕೊಂಡು ಅರಕಲಗೂಡಿಗೆ ಹೋಗೋಕಾಗಲ್ವಲ್ಲ ಗೌಡ್ರೆ” ಎಂದ ಸುದರ್ಶನ್.

ದೇವರಾಜ್ ಸೋಲಲಿಲ್ಲ. ಕೆಂಪು ಬಣ್ಣದ ಒಂದು ಸೈಕಲ್ಲಿನ ಹತ್ತಿರ ಹೋಗಿ ಅದನ್ನು ಒಂದೇ ಕೈಯಲ್ಲಿ ಎತ್ತಿದ. “ಇದ್ ತಗೊಳಯ್ಯ ಸರ್ವೆ. ಬೆಳ್ಳಲ್ಲಿ ಎತ್ಬೋದು, ಹೂವು ಇದ್ದಂಗೈತೆ.”

“ಎತ್ಕೊಂಡು ಓಡಾಡೋದಾದ್ರೆ ಅದೇ ಸರಿ. ಕೂತ್ಕೊಂಡು ಹೋಗೋದಾದ್ರೆ ಈ ಬೂದಿ ಬಣ್ಣದ್ದು ನೋಡಿ ಸಾ.”

ಸುದರ್ಶನ್ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ತೋರಿಸಿದ. ಕೆಂಪು ಸೈಕಲ್ ಪಂದ್ಯದ್ದು. ಹ್ಯಾಂಡಲ್ ತಗ್ಗಿನಲ್ಲಿದೆ, ದೂರದಲ್ಲಿದೆ. ಎರಡು ಗಂಟೆ ಓಡಿಸಿ ಇಳಿಯುವವರಿಗೆ ಅದು ಸರಿ. ಇಡೀ ದಿನ ಕೂರುವವರು ಅದರ ಮೇಲೆ ಭತ್ತದ ನಾಟಿ ಹಾಕುವವರ ಹಾಗೆ ಬಗ್ಗಿಯೇ ಇರಬೇಕಾಗುತ್ತದೆ. ಬೂದಿ ಬಣ್ಣದ್ದು ನೋಡಲು ಅಷ್ಟು ಚೆಂದವಿಲ್ಲ. ಆದರೆ ಹ್ಯಾಂಡಲ್ ಹೊರುವ ಮುಂದಿನ ಕೊಳವೆ ಉದ್ದ, ಹ್ಯಾಂಡಲ್ ಎರಡು ಬೆರಳಿನಷ್ಟು ಹತ್ತಿರ ಬಂದು ಸವಾರನನ್ನು ಅರ್ಧ ನೆಟ್ಟಗೆ ಕೂರಿಸುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು, ಹಾಗಾಗಿ ಗುಂಡಿ ಬಂದಾಗ ಬೆದರುವುದಿಲ್ಲ. ಟಯರ್ ಮೂವತ್ತೆರಡು ಮಿಲಿಮೀಟರ್ ದಪ್ಪ, ಗಾಳಿ ಸ್ವಲ್ಪ ಕಡಿಮೆ ಹಿಡಿದರೆ ರಸ್ತೆಯ ಹೊಡೆತವನ್ನು ಅದೇ ನುಂಗುತ್ತದೆ, ಸೊಂಟಕ್ಕೆ ಬಿಡುವುದಿಲ್ಲ. ಗೊರೂರಿನ ಏರಿಗೆ ಬೇಕಾದ ಹಗುರ ಗೇರ್ ಉಂಟು.

ಮಂಜೇಶ ತನ್ನ ಪುಸ್ತಕ ತೆಗೆದು ಹದಿನಾಲ್ಕರ ಪಟ್ಟಿ ತೋರಿಸಿದ. ಅವನ ಲೆಕ್ಕದಲ್ಲೂ ಬೂದಿ ಬಣ್ಣದ್ದೇ ಮೊದಲು ನಿಂತಿತ್ತು. ಸುದರ್ಶನ್ ಹಾಳೆ ತಿರುವಿ ತಿರುವಿ ನೋಡಿ ಕೇಳಿದ:

“ಸಾ, ಸೈಕಲ್ ಎಲ್ಲಾ ಅಳ್ದಿದೀರಾ. ಕೂರೋರ ಅಳತೆ ಎಲ್ಲಿ?”

“ಬರ್ದಿದೀನಲ್ಲ. ಐದಡಿ ಏಳಿಂಚು.”

“ಅದು ಎತ್ತರ. ಅಷ್ಟೇ ಸಾಕಾಗಲ್ಲ. ಶೂ ಬಿಚ್ಚಿ ಗೋಡೆಗೆ ನಿಂತ್ಕೊಳಿ.”

ಸುದರ್ಶನ್ ಅವನ ಸೊಂಟದ ಎರಡು ಮೂಳೆಗಳ ಮೇಲೆ ಬೆರಳಿಟ್ಟು ನೋಡಿದ. ಇನ್ನೊಮ್ಮೆ ನೋಡಿದ. ನಿಂತಲ್ಲೇ ಓಡುವ ಸ್ಟ್ಯಾಂಡಿಗೆ ಒಂದು ಸೈಕಲ್ ಬಿಗಿದು ತುಳಿಯಲು ಹೇಳಿ, ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಆಮೇಲೆ ಇಳಿಸಿ ಬೆಂಚಿನ ಮೇಲೆ ಮಲಗಿಸಿ ಎರಡೂ ಕಾಲು ಚಾಚಿಸಿ ಟೇಪು ಹಿಡಿದ. ಟೇಪು ಮಡಚುತ್ತಾ ಕೇಳಿದ:

“ಚಿಕ್ಕೋರಿದ್ದಾಗ ಎಡಗಾಲು ಮುರ್ದಿತ್ತಾ ಸಾ?”

ದೇವರಾಜ್ ಅಂಗಡಿ ಅದುರುವಂತೆ ನಕ್ಕ. “ಯಾರ್ನ ಕೇಳ್ತಿದೀಯಪ್ಪಾ? ಕೊಪ್ಪಲು ಬೀರಲಿಂಗಯ್ಯನ ಮಗ ಕಣೋ ಇವ್ನು! ನಿಮ್ಮೂರೋರ ಕೈಕಾಲೆಲ್ಲ ಇವರಪ್ಪನೇ ಕಟ್ಟಿರೋದು.”

“ಹೌದಾ ಸಾ? ನಮ್ಮಕ್ಕ ಪ್ರತಿಭಾ ಕೈ ಅವ್ರೇ ಕಟ್ಟಿದ್ದು!” ಸುದರ್ಶನನ ಮುಖ ಅರಳಿತು. “ಅತ್ರೆ ಬೈಯೋರಂತೆ. ಆದ್ರೆ ಕೈ ಈಗ ಗೆರೆ ಎಳ್ದಂಗಿದೆ.”

“ನನ್ನ ಕಾಲು ಮುರಿದಿಲ್ಲ. ನಮ್ಮನೇಲಿ ಯಾರದ್ದೂ ಮುರಿದಿಲ್ಲ” ಎಂದ ಮಂಜೇಶ. “ಯಾಕೆ?”

“ನಿಮ್ಮ ಎಡಗಾಲು ಗಿಡ್ಡ ಇದೆ ಸಾ. ಒಂದೂವರೆ ಸೆಂಟಿಮೀಟರ್.”

ಮಂಜೇಶನಿಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ತಾಲ್ಲೂಕಿಗೆ ಅಳತೆ ಹೇಳುವವನಿಗೆ ಸೈಕಲ್ ಅಂಗಡಿಯ ಹುಡುಗ ಅಳತೆ ಹೇಳುತ್ತಿದ್ದಾನೆ. ಎದ್ದು ಹೋಗಿ ಪಿಕಪ್ಪಿನಲ್ಲಿದ್ದ ತನ್ನ ಚೀಲದಿಂದ ಉಕ್ಕಿನ ಟೇಪು ತಂದ. “ನಿನ್ನ ಟೇಪು ಬಟ್ಟೆದು. ಹಿಗ್ಗಿರ್ತದೆ. ಇದರಲ್ಲಿ ಹಿಡಿ.” ಸೊಂಟದ ಮೂಳೆಯಿಂದ ಹರಡಿನ ಗಂಟಿನವರೆಗೆ ಸುದರ್ಶನ್ ಮತ್ತೆ ಹಿಡಿದ. ಬಲಗಾಲು. ಎಡಗಾಲು. ದೇವರಾಜನನ್ನು ಕರೆದು ಅವನ ಕೈಯಲ್ಲಿ ಹಿಡಿಸಿದರು. ಮೂರನೇ ಸಲ ಮಂಜೇಶ ತಾನೇ ತಲೆ ಎತ್ತಿ ಟೇಪಿನ ಗೀಟು ಓದಿದ. ಮೂರು ಸಲವೂ ಅದೇ.

ಅವನು ಬೆಂಚಿನ ಮೇಲೆ ಹಾಗೆಯೇ ಮಲಗಿದ್ದ. ಮೇಲೆ ಫ್ಯಾನು ತಿರುಗುತ್ತಿತ್ತು. ದೇವರಾಜ್ ಟೇಪನ್ನು ಮೆಲ್ಲಗೆ ಸುತ್ತಿ ಚೀಲಕ್ಕೆ ಹಾಕಿದ.

“ಅದಕ್ಕೇ ಸಾ ಸೊಂಟ ನೋವು. ಎಡಗಾಲಿಗೆ ಪೆಡಲ್ ಎಟುಕಲ್ಲ. ಎಟುಕ್ಸೋಕೆ ಅಂತ ಪ್ರತಿ ಸುತ್ತಿಗೂ ಸೊಂಟ ಆ ಕಡೆ ವಾಲ್ತದೆ. ಗಂಟೆಗೆ ನಾಲ್ಕೈದು ಸಾವ್ರ ಸಲ. ನರ ಒತ್ಕೊಂಡು ಪಾದ ಜೋಮು ಹಿಡೀತದೆ.”

“ಅಂದ್ರೆ ಈ ಬೂದಿ ಸೈಕಲ್ ತಗೊಂಡ್ರೂ...?”

“ಹಾಸನಕ್ಕೆ ಬದಲು ಶಾಂತಿಗ್ರಾಮದಲ್ಲಿ ಇಳೀತೀರ, ಅಷ್ಟೇ. ಕಾಲಿಗೆ ಹೊಂದಿಸ್ಬೋದು ಸಾ. ಆದ್ರೆ ಎಲ್ಲಿ ಗಿಡ್ಡ ಆಗಿದೆ, ತೊಡೆಯಲ್ಲೋ, ಮಂಡಿ ಕೆಳಗೋ, ಇಲ್ಲಾ ಸೊಂಟಾನೇ ವಾಲಿದ್ಯೋ, ಅದು ಗೊತ್ತಾಗ್ದೆ ನಾನು ಕೈ ಹಾಕಲ್ಲ. ತಪ್ಪು ಜಾಗದಲ್ಲಿ ಎತ್ತರ ಕೊಟ್ರೆ ಮಂಡೀನೂ ಹೋಗ್ತದೆ. ಒಂದು ಎಕ್ಸ್‌ರೇ ತೆಗೆಸಿ. ಮನೇಲಿ ಒಂದ್ಸಲ ಕೇಳಿ. ಅಲ್ಲೀವರ್ಗೂ ಸೈಕಲ್ ಕೊಡಲ್ಲ.”

ಮಾರುವವನೇ ಕೊಡುವುದಿಲ್ಲ ಎಂದದ್ದು ದೇವರಾಜನಿಗೆ ಬೆಲೆಗಿಂತ ದೊಡ್ಡ ಆಶ್ಚರ್ಯ. ದಾರಿಯುದ್ದಕ್ಕೂ ಅವನು ಅದನ್ನೇ ಹೇಳಿದ. ಮಂಜೇಶ ಕಿಟಕಿಯ ಆಚೆ ನೋಡುತ್ತಿದ್ದ. ರಸ್ತೆಯ ಬದಿಯಲ್ಲಿ ನಡೆಯುವ ಪ್ರತಿಯೊಬ್ಬರ ಕಾಲನ್ನೂ ನೋಡುತ್ತಿದ್ದ.

*

ಹೆಂಡತಿ ಸ್ವರ್ಣಲತಾ ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ಊರಿನ ಅರ್ಧ ಹೆಂಗಸರ ರವಿಕೆ ಅವಳೇ ಹೊಲಿಯುವುದು.

“ಸೈಕಲ್ ಎಲ್ರೀ?”

“ಕೊಡ್ಲಿಲ್ಲ. ನಂಗೆ ಒಂದ್ ಕಾಲು ಗಿಡ್ಡ ಅಂತೆ.”

ಅವಳು ನಗುತ್ತಾಳೆ ಎಂದುಕೊಂಡಿದ್ದ. ಯಂತ್ರದ ಗಾಲಿ ನಿಂತಿತು. ಬಟ್ಟೆಯಿಂದ ಕಣ್ಣು ತೆಗೆಯದೆ ಅವಳು ಹೇಳಿದಳು:

“ಎಡಗಾಲು. ಅರ್ಧ ಇಂಚಿನ ಮೇಲೆ ಒಂದ್ ನೂಲು.”

ಮಂಜೇಶ ಯಂತ್ರದ ಹತ್ತಿರ ಬಂದ. “ನಿಂಗೆ ಹೆಂಗ್ ಗೊತ್ತು?”

“ಮದ್ವೆಯಾಗಿ ಹದಿನೈದು ವರ್ಷ ನಿಮ್ಮ ಪ್ಯಾಂಟಿನ ಕಾಲು ಮಡಚಿ ಹೊಲ್ದಿರೋದು ಯಾರು? ಮೊದಲ್ನೇ ಪ್ಯಾಂಟು ಎರಡೂ ಕಾಲು ಸಮ ಹೊಲ್ದಿದ್ದೆ. ಎಡಗಡೇದು ನೆಲ ಗುಡಿಸ್ತಿತ್ತು. ನಾನು ಕತ್ತರಿ ತಪ್ಪು ಹಾಕ್ದೆ ಅಂತ ಬಿಚ್ಚಿ ಹೊಲ್ದೆ. ಆಮೇಲೂ ಅದೇ. ಅವತ್ತಿಂದ ಎಡಗಡೆ ಅಷ್ಟು ಜಾಸ್ತಿ ಮಡಚ್ತೀನಿ.”

“ಹದಿನೈದು ವರ್ಷ! ಒಂದ್ ಮಾತು ಹೇಳ್ಲಿಲ್ವಲ್ಲೇ?”

“ಹೇಳೋಕೆ ಹೊರಟಿದ್ದೆ. ಮೊದಲು ಅತ್ತೇನ ಕೇಳ್ದೆ. ಅವ್ರು ನನ್ನ ಕೈ ಹಿಡ್ಕೊಂಡು ಆಣೆ ಹಾಕ್ಸಿಕೊಂಡ್ರು.”

ಅಡುಗೆಮನೆಯ ಬಾಗಿಲಲ್ಲಿ ಅವ್ವ ಬೀರಮ್ಮ ಆಗಲೇ ಬಂದು ನಿಂತಿದ್ದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೆಯೇ ಇತ್ತು. “ಅವಳ್ನ ಯಾಕ್ಲಾ ಕೇಳ್ತೀಯೆ? ನನ್ನ ಕೇಳು. ನಿಂಗೆ ನಾಕು ತುಂಬಿರ್ನಿಲ್ಲ. ಕಣದಲ್ಲಿ ರೋಣಗಲ್ಲು ನಿನ್ನ ಕಾಲ್ ಮ್ಯಾಲೆ ಉಳ್ಳ್‌ಬುಡ್ತು. ನಿಮ್ಮಪ್ಪನೇ ಕಟ್ಟುದ್ರು. ಅದು ಸರಿ ಬರ್ನಿಲ್ಲ.”

“ಅಪ್ಪ ಕಟ್ಟಿದ್ದು ಸರಿ ಬರ್ಲಿಲ್ವಾ?”

“ಇನ್ನು ಮುಂದುಕ್ಕೆ ಅವರ್ನೇ ಕೇಳಪ್ಪ. ನನ್ನ ಬಾಯಲ್ಲಿ ಬ್ಯಾಡ.”

ತೆನೆಯ ಮೇಲೆ ಉರುಳಿಸಿ ಕಾಳು ಬಿಡಿಸುವ ಆ ರೋಣಗಲ್ಲು ಮಂಜೇಶನಿಗೆ ಗೊತ್ತಿತ್ತು. ಈಗಲೂ ಹಿತ್ತಲಲ್ಲಿ ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿದೆ. ಹುಡುಗನಾಗಿದ್ದಾಗ ಅದರ ಮೇಲೆ ಕೂತು ಪಾಠ ಓದಿದ್ದಾನೆ. ತನ್ನ ಕಾಲ ಮೇಲೆ ಉರುಳಿದ್ದು ಅದೇ ಕಲ್ಲು ಎಂದು ಯಾರೂ ಹೇಳಿರಲಿಲ್ಲ.

ಬೀರಲಿಂಗಯ್ಯ ಜಗುಲಿಯಲ್ಲಿ ಮರುದಿನಕ್ಕೆ ಬಿದಿರಿನ ದಬ್ಬೆ ಸೀಳುತ್ತಿದ್ದರು. ಮಂಜೇಶ ಹೋಗಿ ಎದುರಿಗೆ ನಿಂತ.

“ಅಪ್ಪ, ನನ್ನ ಎಡಗಾಲು ಯಾವ ಜಾಗದಲ್ಲಿ ಮುರಿದಿತ್ತು?”

ಕತ್ತಿ ಬಿದಿರಿನಲ್ಲಿ ಅರ್ಧಕ್ಕೆ ನಿಂತಿತು. “ಯಾರೇಳುದ್ರು? ಡಾಕ್ಟ್ರಾ?”

“ಸೈಕಲ್ ಅಂಗ್ಡಿ ಹುಡುಗ.”

“ಸೈಕಲ್ ಅಂಗ್ಡಿಯೋನಾ!” ಮುದುಕರ ಬಾಯಿ ತೆರೆದೇ ಉಳಿಯಿತು. ಇಷ್ಟು ವರ್ಷ ಅವರು ಹೆದರಿದ್ದು ಆಸ್ಪತ್ರೆಯವರಿಗೆ, ಮೂಳೆ ಕಟ್ಟುವ ಬೇರೆ ಮನೆಯವರಿಗೆ. ಸೈಕಲ್ ಅಂಗಡಿಯಿಂದ ಬರಬಹುದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕತ್ತಿಯನ್ನು ಪಕ್ಕಕ್ಕಿಟ್ಟರು.

“ತೊಡೆ. ಮಂಡಿಯಿಂದ ಮ್ಯಾಕೆ ಐದು ಬೆಳ್ಳು. ಸರ್ಯಾಗೇ ಕೂರ್ಸಿದ್ದೆ ಕಣ್ಲಾ. ಕಟ್ಟೂ ಸರ್ಯಾಗಿತ್ತು. ನಲವತ್ತು ದಿನ ಮಡಗ್ಬೇಕಿತ್ತು.”

“ಮತ್ತೆ?”

“ನೀನು ಅಳ್ತಿದ್ದೆ.”

“ನಿಮ್ಮತ್ರ ಬರೋ ಮಕ್ಳೆಲ್ಲ ಅಳ್ತವೆ.”

“ಅವು ನನ್ನ ಮಕ್ಳಲ್ಲ” ಎಂದರು ಬೀರಲಿಂಗಯ್ಯ. ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡರು. “ಅಪ್ಪಾ ಬುಚ್ಚು, ಅಪ್ಪಾ ಬುಚ್ಚು ಅಂತಿದ್ದೆ. ಹನ್ನೊಂದು ದಿನ ತಡ್ಕಂಡೆ. ಹನ್ನೆರಡನೇ ದಿನ ಪಟ್ಟಿ ಒಸಿ ಸಡ್ಲ ಮಾಡ್ದೆ. ಬುಚ್ಚನಿಲ್ಲ, ಸಡ್ಲ. ನೀನು ನಗ್ತಾ ನಿದ್ದೆ ಓದೆ. ನಾಕು ದಿನ ಬುಟ್ಟು ಮುಟ್ಟಿ ನೋಡುದ್ರೆ ಮೂಳೆ ಒಂದರ ಮ್ಯಾಲೊಂದು ಅತ್ಕಂಡು ಕೂತಿತ್ತು. ತಿರ್ಗಾ ಎಳ್ದು ಕೂರುಸ್ಬೇಕಿತ್ತು. ಕೈ ಏಳ್ನಿಲ್ಲ ನಂಗೆ.”

ಕಲ್ಲೆದೆಯವರು ಎಂದು ನಲವತ್ತೂರು ಆಡಿಕೊಳ್ಳುವ ಅಪ್ಪ. ಮಂಜೇಶನಿಗೆ ತಾನು ಯಾರ ಮುಂದೆ ನಿಂತಿದ್ದೇನೆ ಎಂಬುದೇ ಒಂದು ಕ್ಷಣ ತಿಳಿಯಲಿಲ್ಲ. ಅಂಗಳದಿಂದ ಅಟ್ಟಿಸಿಕೊಂಡು ಹೋಗುತ್ತಿದ್ದ ತಾಯಂದಿರೆಲ್ಲ ಕಣ್ಣ ಮುಂದೆ ಬಂದರು. ಅವರನ್ನು ಅಟ್ಟುವಾಗ ಅಪ್ಪ ಯಾರನ್ನು ಅಟ್ಟುತ್ತಿದ್ದರು ಎಂದು ಈಗ ಅರ್ಥವಾಗುತ್ತಿತ್ತು. ಆದರೂ ಒಂದು ಪ್ರಶ್ನೆ ಉಳಿದಿತ್ತು.

“ಹಾಸನದಲ್ಲಿ ದೊಡ್ಡಾಸ್ಪತ್ರೆ ಇತ್ತಲ್ಲಪ್ಪ?”

“ನಿಮ್ಮವ್ವ ಬಡ್ಕಂಡ್ಳು, ಎತ್ಕಂಡೋಗಿ ಅಂತ. ಓಗ್ನಿಲ್ಲ.” ಅವರು ಮಗನ ಮುಖ ನೋಡಲಿಲ್ಲ. “ಯಾರು ಕಟ್ಟಿದ್ದು ಅಂತ ಕೇಳ್ತಿದ್ರಲ್ಲ. ಏನ್ ಏಳ್ಲಿ?”

ಅಳುವ ಮಗುವಿಗೆ ಕರಗಿದ ಮಾತು ಕೇಳಿದಾಗ ಮಂಜೇಶನ ಸಿಟ್ಟು ಇಳಿದಿತ್ತು. ಈ ಮಾತಿಗೆ ಅದು ಮತ್ತೆ ಏರಿತು. ಅಷ್ಟಕ್ಕಾಗಿ ಆಸ್ಪತ್ರೆಯ ಬಾಗಿಲು ತುಳಿಯಲಿಲ್ಲ. ಅಷ್ಟಕ್ಕಾಗಿ ಮನೆಯೆಲ್ಲ ಬಾಯಿ ಹೊಲಿದುಕೊಂಡಿತು. ಸರಿದ ಬಾಂದು ಕಲ್ಲನ್ನು ಕಂಡೂ ಕಾಣದಂತೆ ಇದ್ದವರನ್ನು ಅವನು ಎಷ್ಟು ಹೊಲಗಳಲ್ಲಿ ಬೈದಿದ್ದ!

“ನಂಗಾದ್ರೂ ಹೇಳ್ಬೋದಿತ್ತು. ಮೂವತ್ತೇಳು ವರ್ಷ ಟೈಮಿತ್ತು” ಎಂದ. ಅವನು ಒಳಗೆ ಹೋದ. ಆ ವಾರ ಅಪ್ಪ ಮಗನ ನಡುವೆ ಒಂದು ಮಾತೂ ನಡೆಯಲಿಲ್ಲ. ಬೀರಮ್ಮ ಇಬ್ಬರ ತಟ್ಟೆಗೂ ಮುದ್ದೆ ಹಾಕುತ್ತಾ, “ಒಬ್ರಿಗೊಬ್ರು ಉಪ್ಪು ಕೇಳಾಕೂ ಇನ್ನು ನಾನೇ ಬರ್ಬೇಕೇನೋ” ಎಂದು ಗೊಣಗಿದಳು.

*

ಎಕ್ಸ್‌ರೇಯಲ್ಲಿ ಎಲ್ಲವೂ ಬರೆದಿಟ್ಟಂತಿತ್ತು. ಮಂಡಿಯಿಂದ ಐದು ಬೆರಳು ಮೇಲೆ ತೊಡೆಯ ಮೂಳೆ ಗಂಟು ಕಟ್ಟಿಕೊಂಡಿತ್ತು. ಮಗುವಿನ ಮೂಳೆಯಾದ್ದರಿಂದ ಬೆಳೆಯುತ್ತಾ ಬಹಳಷ್ಟು ಸರಿಹೋಗಿದೆ, ಉಳಿದದ್ದು ಇಷ್ಟು, ಹೊಂದಿಸಿಕೊಂಡು ಸೈಕಲ್ ಹೊಡೆಯಲು ಅಡ್ಡಿಯಿಲ್ಲ ಎಂದರು ಡಾಕ್ಟರು. ಫಿಲ್ಮನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು ಸುದರ್ಶನ್ ತುಂಬ ಹೊತ್ತು ನೋಡಿದ.

“ಯಾರು ಸಾ ಕಟ್ಟಿದ್ದು ಇದ್ನ?”

ದೇವರಾಜ್ ಮಂಜೇಶನ ಮುಖ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು. ಮಂಜೇಶನ ಬಾಯಿಗೆ ನಿಜ ಬಂದೇ ಬಂದಿತ್ತು. ಅಕ್ಕ ಪ್ರತಿಭಾಳ ಕೈಯ ಮಾತು ಹೇಳಿದಾಗ ಈ ಹುಡುಗನ ಮುಖ ಅರಳಿದ್ದು ನೆನಪಾಯಿತು.

“ಯಾರೋ. ಹಳ್ಳಿ ಕಡೆಯೋರು” ಎಂದ.

ಹೇಳಿದ ಮೇಲೆ ಅವನೇ ಬೆಚ್ಚಿದ. ಒಂದು ವಾರದ ಹಿಂದೆ ಅಪ್ಪನನ್ನು ಯಾವುದಕ್ಕೆ ಬೈದುಕೊಂಡಿದ್ದನೋ ಅದನ್ನೇ ತಾನೂ ಮಾಡಿದ್ದ. ಅದೂ ಯೋಚನೆಯನ್ನೇ ಮಾಡದೆ.

ಸುದರ್ಶನ್ ಕೆಲಸಕ್ಕೆ ಕೂತ. ಕೊರತೆ ತೊಡೆಯಲ್ಲಿ ಇರುವುದರಿಂದ ಪೂರ್ತಿ ಒಂದೂವರೆ ಸೆಂಟಿಮೀಟರ್ ಕೆಳಗಿನಿಂದ ಎತ್ತಬಾರದು ಎಂದು ವಿವರಿಸಿದ. ಎಡ ಶೂವಿನ ಅಡಿಗೆ ಆರು ಮಿಲಿಮೀಟರ್ ಚಕ್ಕೆ ಕೊಟ್ಟು, ಪೆಡಲಿಗೆ ಕಚ್ಚಿಕೊಳ್ಳುವ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಸೀಟನ್ನು ಗಿಡ್ಡ ಕಾಲಿಗೆ ಹೊಂದುವಷ್ಟು ಇಳಿಸಿದ. ಸೀಟನ್ನೂ ಬದಲಿಸಿ ಅವನ ಕೂರುವ ಮೂಳೆಗಳಿಗೆ ತಕ್ಕ ಅಗಲದ್ದು ಹಾಕಿದ. ಹ್ಯಾಂಡಲನ್ನು ಇನ್ನೊಂದು ಬೆರಳು ಎತ್ತಿದ. ಮಂಜೇಶ ಆರಿಸಿದ್ದ ಫ್ರೇಮಿಗಿಂತ ಒಂದು ಅಳತೆ ಚಿಕ್ಕದನ್ನು ಕೊಟ್ಟ. ದೊಡ್ಡದನ್ನು ತೆಗೆದುಕೊಂಡರೆ ಆಮೇಲೆ ಕಷ್ಟವಾಗುವುದಿಲ್ಲ ಎಂದು ಬಟ್ಟೆ ಕೊಳ್ಳುವ ಹಾಗೆ ಮಂಜೇಶ ದೊಡ್ಡದನ್ನೇ ಗುರುತು ಹಾಕಿಕೊಂಡಿದ್ದ.

“ಈಗ ತುಳೀರಿ.”

ಸ್ಟ್ಯಾಂಡಿನ ಮೇಲೆ ಅವನು ತುಳಿದ. ಎಡಗಾಲು ಕೆಳಗೆ ಹೋಯಿತು, ಪೆಡಲ್ ಅಲ್ಲೇ ಇತ್ತು. ಹುಡುಕಬೇಕಾಗಲಿಲ್ಲ. ಇಷ್ಟು ದಿನ ತಾನು ಹುಡುಕುತ್ತಿದ್ದೆ ಎನ್ನುವುದೇ ಅವನಿಗೆ ಆಗ ಗೊತ್ತಾದದ್ದು.

*

ಐದನೇ ಸಲ ಹೊರಟದ್ದು ಕಾರ್ತಿಕ ಮಾಸದ ಒಂದು ಭಾನುವಾರ, ಬೆಳಗಿನ ಐದೂವರೆಗೆ. ಅರಕಲಗೂಡಿಗೆ ಬಂದಾಗ ಹೋಟೆಲುಗಳಲ್ಲಿ ಮೊದಲ ಇಡ್ಲಿಯ ಹಬೆ. ಗೊರೂರಿನ ಏರಿನಲ್ಲಿ ಹಗುರ ಗೇರಿಗೆ ಹಾಕಿ ಮೆಲ್ಲಗೆ ಹತ್ತಿದ. ಹಾಸನ ಹತ್ತಿರ ಬಂದಂತೆ ಅವನ ಮೈಯೆಲ್ಲ ಕಿವಿಯಾಯಿತು. ಇನ್ನೇನು ಬರುತ್ತದೆ, ಈ ತಿರುವಿನಲ್ಲಿ, ಆ ಪೆಟ್ರೋಲ್ ಬಂಕಿನಲ್ಲಿ. ಹಾಸನ ದಾಟಿತು. ಶಾಂತಿಗ್ರಾಮ ದಾಟಿತು. ಎಡ ಪಾದದ ಐದೂ ಬೆರಳನ್ನು ಶೂವಿನೊಳಗೆ ಒಂದೊಂದಾಗಿ ಆಡಿಸಿ ನೋಡಿದ. ಐದೂ ಇದ್ದವು.

ಚನ್ನರಾಯಪಟ್ಟಣದ ಬೈಪಾಸಿನಲ್ಲಿ ದೇವರಾಜ್ ಪಿಕಪ್ಪಿನ ಹಿಂದಿನ ಬಾಗಿಲು ಬಿಚ್ಚಿಕೊಂಡೇ ನಿಂತಿದ್ದ. ಎಳನೀರು ಕೊಚ್ಚಿ ಕೊಟ್ಟು ಕೇಳಿದ: “ಎತ್ತಾಕ್ಲಾ?”

“ನೋಯ್ತಾ ಅದೆ ಕಣೋ ಗೌಡ.”

“ಸೊಂಟಾನಾ?”

“ಅಲ್ಲ. ತೊಡೆ. ಎಡಗಡೆ.” ಮಂಜೇಶ ತೊಡೆಯನ್ನು ಒತ್ತಿ ನೋಡಿಕೊಂಡ. ಎಂದೂ ನೋಯದ ಜಾಗ. ಬಲಗಾಲು ದುಡಿದದ್ದನ್ನು ಇಷ್ಟು ವರ್ಷ ಕೂತು ತಿಂದಿದ್ದ ಕಾಲಿಗೆ ಇವತ್ತು ಮೊದಲ ಸಲ ಮೈಮುರಿಯುವ ಕೆಲಸ ಬಿದ್ದಿತ್ತು. “ಇದು ಗೇಯ್ಮೆ ನೋವು. ಬಾಗ್ಲು ಹಾಕ್ಕೊ, ಕೊಬ್ರಿಗೆ ಧೂಳು ಬೀಳ್ತದೆ.”

ದೇವರಾಜ್ ಬಾಯಿಬಿಟ್ಟು ನೋಡುತ್ತಿದ್ದಂತೆಯೇ ಅವನು ಹೊಳೆನರಸೀಪುರದ ರಸ್ತೆಗೆ ತಿರುಗಿದ.

ಕೊಪ್ಪಲಿಗೆ ಬಂದಾಗ ಮಧ್ಯಾಹ್ನ ಎರಡೂವರೆ. ಮೀಟರು ನೂರ ನಲವತ್ತೊಂದು ತೋರಿಸುತ್ತಿತ್ತು. ಕೂಗಿ ಹೇಳಬೇಕು ಎನ್ನುವಷ್ಟು ಸಂತೋಷ, ಆದರೆ ಅಂಗಳದ ತುಂಬ ಜನ. ಭಾನುವಾರವೆಂದು ಮರೆತೇಹೋಗಿತ್ತು. ಜಗುಲಿಯ ಮುಂದೆ ಒಬ್ಬ ಎಳೇ ತಾಯಿ, ಮಡಿಲಲ್ಲಿ ಕಾಲಿಗೆ ದಬ್ಬೆ ಕಟ್ಟಿಸಿಕೊಂಡ ನಾಲ್ಕೈದು ವರ್ಷದ ಹೆಣ್ಣುಮಗು. ಮಗು ಒಂದೇ ಸಮನೆ ಅಳುತ್ತಿತ್ತು.

“ಒಂದೇ ಒಂಚೂರು ಸಡ್ಲ ಮಾಡಿ ಸ್ವಾಮಿ. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ನನ್ನ ಕಂದ.”

“ಆಗಾಕಿಲ್ಲ ಕಣವ್ವ. ಬೆಳ್ಳು ಬಾತಿಲ್ಲ, ಬೆಚ್ಚಗವೆ. ಕಟ್ಟು ಸರ್ಯಾಗೈತೆ. ಎತ್ಕಂಡೋಗು.”

ಆ ಹೆಂಗಸಿಗೆ ತಡೆಯಲಾಗಲಿಲ್ಲ. “ನಿಮಗೂ ಮಕ್ಳಿಲ್ವಾ? ಅವಕ್ಕೆ ಇಂಗಾಗಿದ್ರೆ ತಿಳೀತಿತ್ತು ನಿಮಗೆ!”

ಬೀರಲಿಂಗಯ್ಯನವರಿಗೆ ಎದುರು ಮಾತು ಆಡಿದವರನ್ನು ಯಾರೂ ಕಂಡಿರಲಿಲ್ಲ. ಈಗ ಗದರುತ್ತಾರೆ ಎಂದು ಎಲ್ಲರೂ ಕಾದರು. ಮುದುಕರು ತಲೆ ಎತ್ತಿದರು. ಬೇಲಿಯ ಪಕ್ಕ ಸೈಕಲ್ ಹಿಡಿದು ನಿಂತ ಮಗ ಕಂಡ. ಮೈಯೆಲ್ಲ ಬೆವರು, ಮಂಡಿಯವರೆಗಿನ ಬಿಗಿ ಚಡ್ಡಿ.

“ಅವ್ನೇ ನನ್ನ ಮಗ” ಎಂದು ಬೀರಲಿಂಗಯ್ಯ ಕೈ ತೋರಿಸಿದರು. ದನಿ ಅಂಗಳದ ಕೊನೆಯವರೆಗೂ ಕೇಳುವಂತಿತ್ತು. “ಅವನ್ಗೂ ನಿನ್ನ ಮಗೀನಷ್ಟೇ ವಯಸ್ಸು ಆಗ. ಅಳ್ತಾನೆ ಅಂತ ನಾನು ಸಡ್ಲ ಮಾಡ್ದೆ. ಆಸ್ಪತ್ರೆಗೂ ತೋರುಸ್ನಿಲ್ಲ. ಓಗಿ ಅವನ ಎಡಗಾಲು ನೋಡವ್ವ. ನೋಡಿ ಬಂದ್ಮ್ಯಾಕೂ ಬುಚ್ಚು ಅಂದ್ರೆ ಬುಚ್ತೀನಿ.”

ಬಾಗಿಲಲ್ಲಿ ಸ್ವರ್ಣಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೀರಮ್ಮ ಕಂಬ ಹಿಡಿದಳು. ಮೂವತ್ತು ಜನರ ಕಣ್ಣು ಒಟ್ಟಿಗೆ ತಿರುಗಿ ಮಂಜೇಶನ ಕಾಲಿನ ಮೇಲೆ ಬಿದ್ದವು. ಓಡಿ ಒಳಗೆ ಹೋಗಲು ಬಾಗಿಲು ಅಂಗಳದ ಆಚೆ ಬದಿಯಲ್ಲಿತ್ತು. ಮಗುವನ್ನು ಎತ್ತಿಕೊಂಡ ಆ ತಾಯಿ ಆಗಲೇ ಅವನ ಕಡೆ ನಡೆದು ಬರುತ್ತಿದ್ದಳು.

ಮಂಜೇಶ ಸೈಕಲ್ಲನ್ನು ಬೇಲಿಗೆ ಒರಗಿಸಿದ. ಬಗ್ಗಿ ಎರಡೂ ಶೂ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ, ಆ ಹೆಂಗಸಿಗೆ ಚೆನ್ನಾಗಿ ಕಾಣಲಿ ಎಂದು, ಬರಿಗಾಲಲ್ಲಿ ಎರಡೂ ಪಾದ ಜೋಡಿಸಿ ನೆಟ್ಟಗೆ ನಿಂತ.